ಲ್ಯಾಚ್ ಹುಕ್ ಕಲಿಯೋಣ: 1,600 ಗಂಟುಗಳ ಒಂದು ವಾಲ್ ಹ್ಯಾಂಗಿಂಗ್

ಹೆಣಿಗೆ ಬರಲ್ಲ, ಕ್ರೋಶಾ ಕೈಗೆ ಹತ್ತಲಿಲ್ಲ, ಹೊಲಿಗೆ ಅಂದರೆ ಗುಂಡಿ ಹಾಕುವುದಷ್ಟೇ ಗೊತ್ತು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಲ್ಯಾಚ್ ಹುಕ್. ಇದರಲ್ಲಿ ಕಲಿಯಬೇಕಾದ್ದು ಒಂದೇ ಒಂದು ಗಂಟು. ಹತ್ತು ಸಲ ಹಾಕಿದರೆ ಅರ್ಥವಾಗುತ್ತದೆ, ನೂರು ಸಲ ಹಾಕಿದರೆ ಕೈ ತಾನಾಗಿಯೇ ಹಾಕುತ್ತದೆ. ಉಳಿದದ್ದೆಲ್ಲ ಎಣಿಕೆ. ಈ ಕೆಲಸದಲ್ಲಿ ಜನ ಕೈಬಿಡುವುದು ಗಂಟು ಬಾರದೆ ಅಲ್ಲ. ಎಣಿಸದೆ ಶುರು ಮಾಡಿ, ಅರ್ಧದಲ್ಲಿ ನೂಲು ಮುಗಿದು, ಚಿತ್ರ ಒಂದು ಪಕ್ಕಕ್ಕೆ ಜಾರಿ ಬೇಸರವಾಗಿ ಬಿಟ್ಟುಬಿಡುತ್ತಾರೆ. ಅದಕ್ಕೇ ಗಂಟಿಗೆ ಮುಂಚಿನ ತಯಾರಿಯನ್ನು ಇಲ್ಲಿ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಕೆಲಸ ಏನು ಅಂದರೆ, ಜಾಲರಿಯ ಹಾಗಿರುವ ಗಟ್ಟಿ ಬಟ್ಟೆಯೊಂದಕ್ಕೆ ಚಿಕ್ಕ ಚಿಕ್ಕ ನೂಲಿನ ತುಂಡುಗಳನ್ನು ಒಂದೊಂದಾಗಿ ಕಟ್ಟುತ್ತಾ ಹೋಗುವುದು. ಪ್ರತಿ ತುಂಡಿನ ಎರಡು ತುದಿ ಮೇಲೆ ನಿಲ್ಲುತ್ತವೆ. ಸಾವಿರಾರು ತುದಿಗಳು ಒತ್ತೊತ್ತಾಗಿ ಸೇರಿದಾಗ ಮೆತ್ತನೆಯ ಜೂಲು ಆಗುತ್ತದೆ. ನೆಲಕ್ಕೆ ಹಾಸಿದರೆ ರಗ್, ಗೋಡೆಗೆ ತೂಗಿದರೆ ವಾಲ್ ಹ್ಯಾಂಗಿಂಗ್. ಮಾಡುವ ರೀತಿ ಎರಡಕ್ಕೂ ಒಂದೇ.

ಮೊದಲ ಸಲ ಮಾಡುವವರು ವಾಲ್ ಹ್ಯಾಂಗಿಂಗ್‌ನಿಂದಲೇ ಶುರು ಮಾಡಿ. ಕಾರಣ ಲೆಕ್ಕದಲ್ಲೇ ಇದೆ. 50 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದದ ಸಾಧಾರಣ ರಗ್‌ಗೆ ಸುಮಾರು 5,900 ಗಂಟು ಬೇಕು. ನಿಮಿಷಕ್ಕೆ ಐದು ಗಂಟು ಹಾಕಿದರೂ ಇಪ್ಪತ್ತು ಗಂಟೆ ಹಿಡಿಯುತ್ತದೆ. ಅದೇ 40 ಸಾಲು, ಸಾಲಿಗೆ 40 ಗಂಟಿನ ಚೌಕವಾದರೆ 1,600 ಗಂಟು. ಐದೂವರೆ ಗಂಟೆಯ ಕೆಲಸ. ದಿನಕ್ಕೆ ಅರ್ಧ ಗಂಟೆ ಕೂತರೆ ಹನ್ನೊಂದು ದಿನಕ್ಕೆ ಗೋಡೆಯ ಮೇಲಿರುತ್ತದೆ. ಈ ಲೇಖನದ ಉದ್ದಕ್ಕೂ ಅದೇ 40ರ ಚೌಕವನ್ನು ಇಟ್ಟುಕೊಂಡು ಹೋಗೋಣ. ಚಿತ್ರ ಕೂಡ ಸರಳವಾದದ್ದು: ಮೇಲೆ ಕಡುನೀಲಿ ಆಕಾಶ, ಅದರಲ್ಲಿ ಒಂದು ತುಂಬು ಚಂದ್ರ, ಕೆಳಗೆ ಬೆಟ್ಟ.

ಬೇಕಾದ ಸಾಮಾನು

ಮುಖ್ಯವಾದದ್ದು ಹುಕ್. ಮರದ ಅಥವಾ ಪ್ಲಾಸ್ಟಿಕ್ ಹಿಡಿ, ಅದರಿಂದ ಹೊರಟ ಕಬ್ಬಿಣದ ಕಡ್ಡಿ, ತುದಿಯಲ್ಲಿ ಕೊಕ್ಕೆ. ಕೊಕ್ಕೆಯ ಸ್ವಲ್ಪ ಹಿಂದೆ ಬಾಗಿಲಿನ ಹಾಗೆ ಆ ಕಡೆ ಈ ಕಡೆ ಬೀಳುವ ಪುಟ್ಟ ಚಿಲಕ. ಅದೇ ಲ್ಯಾಚ್. ಇಡೀ ಜಾಣತನ ಇರುವುದು ಆ ಚಿಲಕದಲ್ಲಿ. ಮುಂದೆ ತಳ್ಳಿದಾಗ ತೆರೆದುಕೊಳ್ಳುತ್ತದೆ, ಹಿಂದಕ್ಕೆ ಎಳೆದಾಗ ಮುಚ್ಚಿಕೊಂಡು ನೂಲನ್ನು ಒಳಗೇ ಹಿಡಿದಿಡುತ್ತದೆ. 1840ರ ದಶಕದಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಮ್ಯಾಥ್ಯೂ ಟೌನ್ಸೆಂಡ್ ಹೆಣಿಗೆ ಯಂತ್ರಕ್ಕೆ ಅಂತ ಇಂಥದ್ದೇ ಚಿಲಕದ ಸೂಜಿಯನ್ನು ರೂಪಿಸಿದರು. ನಾವು ತೊಡುವ ಬನಿಯನ್, ಸಾಕ್ಸ್ ಹೆಣೆಯುವ ಯಂತ್ರಗಳಲ್ಲಿ ಇವತ್ತಿಗೂ ಆ ಸೂಜಿ ಇದೆ. ಹುಕ್ ಕೊಳ್ಳುವಾಗ ಚಿಲಕವನ್ನು ಬೆರಳಿನಿಂದ ನಾಲ್ಕು ಸಲ ಆಡಿಸಿ ನೋಡಿ. ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಬೀಳಬೇಕು. ಬಿಗಿಯಾಗಿದ್ದರೆ ಪ್ರತಿ ಗಂಟಿಗೂ ಕಿರಿಕಿರಿ.

ಎರಡನೆಯದು ರಗ್ ಕ್ಯಾನ್ವಾಸ್. ಚಿತ್ರ ಬರೆಯುವ ಕ್ಯಾನ್ವಾಸ್ ಅಲ್ಲ, ಗಂಜಿ ಹಾಕಿ ಗಟ್ಟಿ ಮಾಡಿದ ಚೌಕಳಿ ಜಾಲರಿ. ಮೀನಿನ ಬಲೆಗೆ ಕಣ್ಣು ಅನ್ನುತ್ತೇವಲ್ಲ, ಇದರ ಕಿಂಡಿಗಳನ್ನೂ ಹಾಗೇ ಕಣ್ಣು ಅಂತಲೇ ಕರೆಯೋಣ. ಲ್ಯಾಚ್ ಹುಕ್‌ಗೆ ಹೆಚ್ಚಾಗಿ ಬಳಸುವುದು ಇಂಚಿಗೆ 3.3 ಕಣ್ಣಿನ ಕ್ಯಾನ್ವಾಸ್. ಅಂದರೆ ಮೂರು ಇಂಚಿಗೆ ಹತ್ತು ಕಣ್ಣು. ಇಂಚಿಗೆ 5 ಕಣ್ಣಿನದ್ದೂ ಸಿಗುತ್ತದೆ. ಚಿತ್ರ ನಯವಾಗಿ ಬರುತ್ತದೆ, ಆದರೆ ಗಂಟು ಎರಡು ಪಟ್ಟಿಗಿಂತ ಜಾಸ್ತಿ. ಮೊದಲಿಗೆ ಅದು ಬೇಡ.

ಮೂರನೆಯದು ನೂಲು. ಸಮನಾಗಿ ಕತ್ತರಿಸಿದ ರಗ್ ನೂಲಿನ ಕಟ್ಟುಗಳು ಸಿಗುತ್ತವೆ, ಒಂದೊಂದು ತುಂಡು ಎರಡೂವರೆ ಇಂಚು, ಅಂದರೆ ಸುಮಾರು 6.5 ಸೆಂ.ಮೀ. ಇರುತ್ತದೆ. ನೂಲಿನ ಉಂಡೆ ತಂದು ಮನೆಯಲ್ಲೇ ಕತ್ತರಿಸಿಕೊಳ್ಳಲೂಬಹುದು. ನನಗೆ ಅದೇ ಇಷ್ಟ, ಬಣ್ಣದ ಆಯ್ಕೆ ಜಾಸ್ತಿ ಇರುತ್ತದೆ. ನೂಲು ದಪ್ಪ ಇರಬೇಕು. ಸ್ವೆಟರ್ ಹೆಣೆಯುವ ತೆಳು ನೂಲು ಒಂದೇ ಎಳೆ ಕಟ್ಟಿದರೆ ಕ್ಯಾನ್ವಾಸ್ ಬೆಳ್ಳಗೆ ಇಣುಕುತ್ತದೆ. ತೆಳು ನೂಲೇ ಮನೆಯಲ್ಲಿದ್ದರೆ ಎರಡೆರಡು ತುಂಡು ಜೋಡಿಸಿ ಒಂದು ಗಂಟು ಹಾಕಿ. ಗೋಡೆಗಾದರೆ ಅಕ್ರಿಲಿಕ್ ಸಾಕು. ತುಳಿಯುವ ರಗ್‌ಗೆ ಉಣ್ಣೆ ಒಳ್ಳೆಯದು, ಅದು ತುಳಿದ ಮೇಲೂ ಮತ್ತೆ ಎದ್ದು ನಿಲ್ಲುತ್ತದೆ. ಅಕ್ರಿಲಿಕ್ ಬೇಗ ಚಪ್ಪಟೆಯಾಗುತ್ತದೆ.

ಇವಲ್ಲದೆ ಚೂಪಾದ ಕತ್ತರಿ, ಮಾಸ್ಕಿಂಗ್ ಟೇಪ್, ಗ್ರಾಫ್ ಪೇಪರ್, ಸ್ಕೆಚ್ ಪೆನ್, ದಪ್ಪ ಸೂಜಿ, ಗಟ್ಟಿ ದಾರ.

ಚಿತ್ರವನ್ನು ಚೌಕಕ್ಕೆ ಇಳಿಸುವುದು

ಗ್ರಾಫ್ ಪೇಪರ್‌ನಲ್ಲಿ 40ಕ್ಕೆ 40 ಚೌಕ ಗುರುತು ಮಾಡಿಕೊಳ್ಳಿ. ಒಂದು ಚೌಕ ಅಂದರೆ ಒಂದು ಗಂಟು. ಬುಡದಿಂದ 16 ಸಾಲು ಬೆಟ್ಟ, ಮೇಲಿನ 24 ಸಾಲು ಆಕಾಶ. ಬೆಟ್ಟದ ಮೇಲಂಚನ್ನು ಸ್ವಲ್ಪ ಏರಿಳಿತ ಮಾಡಿ. ಚಂದ್ರನಿಗೆ 12 ಚೌಕದಷ್ಟು ಅಗಲದ ಒಂದು ವೃತ್ತ. ಗೆರೆ ಹಾದುಹೋದ ಚೌಕಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಭಾಗ ಚಂದ್ರನ ಒಳಗಿದ್ದರೆ ಅದು ಚಂದ್ರನದ್ದು, ಇಲ್ಲದಿದ್ದರೆ ಆಕಾಶದ್ದು. ಕಾಗದದ ಮೇಲೆ ವೃತ್ತ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಚಿಂತೆ ಬೇಡ, ಜೂಲು ಹರಡಿಕೊಂಡಾಗ ಆ ಮೆಟ್ಟಿಲೆಲ್ಲ ಕರಗಿ ಗುಂಡಗೆ ಆಗುತ್ತದೆ.

ಹರಡಿಕೊಳ್ಳುವ ಇದೇ ಗುಣದಿಂದ ಸಣ್ಣ ವಿವರಗಳು ಇಲ್ಲಿ ಉಳಿಯುವುದಿಲ್ಲ. ಒಂದೇ ಚೌಕದ ನಕ್ಷತ್ರ ಹಾಕಿದರೆ ಅಕ್ಕಪಕ್ಕದ ನೂಲು ಅದನ್ನು ಮುಚ್ಚಿಬಿಡುತ್ತದೆ. ಕನಿಷ್ಠ ಎರಡಕ್ಕೆ ಎರಡು ಚೌಕವಾದರೂ ಇರಲಿ. ಮುಖ, ಕಣ್ಣು, ತೆಳು ಗೆರೆ, ಸಣ್ಣ ಅಕ್ಷರ ಇವನ್ನೆಲ್ಲ ಮೊದಲ ಚಿತ್ರಕ್ಕೆ ಇಟ್ಟುಕೊಳ್ಳಬೇಡಿ. ದೊಡ್ಡ ಆಕಾರ, ಒಂದಕ್ಕೊಂದು ಎದ್ದು ಕಾಣುವ ಬಣ್ಣ, ಇಷ್ಟಿದ್ದರೆ ಚೆಂದ. ಇನ್ನೊಂದು ಸಮಾಧಾನದ ವಿಷಯ: ಲ್ಯಾಚ್ ಹುಕ್‌ನಲ್ಲಿ ಕೆಲಸ ಮಾಡುವುದು ಮುಂಭಾಗದಿಂದಲೇ. ಬಟ್ಟೆಯ ಹಿಂಭಾಗದಿಂದ ನೂಲು ಚುಚ್ಚುತ್ತಾ ಹೋಗುವ ಪಂಚ್ ನೀಡಲ್ ಕಸೂತಿಯ ಹಾಗೆ ಚಿತ್ರವನ್ನು ತಿರುವುಮುರುವು ಮಾಡಿಕೊಳ್ಳಬೇಕಾಗಿಲ್ಲ. ಕಾಗದದಲ್ಲಿ ಎಡಕ್ಕೆ ಇದ್ದದ್ದು ಗೋಡೆಯಲ್ಲೂ ಎಡಕ್ಕೇ ಇರುತ್ತದೆ.

ಚಿತ್ರ ಆದಮೇಲೆ ಬಣ್ಣಬಣ್ಣದ ಚೌಕಗಳನ್ನು ಎಣಿಸಿ. ನಮ್ಮ ಚಿತ್ರದಲ್ಲಿ ಚಂದ್ರನಿಗೆ ಸುಮಾರು 113, ಬೆಟ್ಟಕ್ಕೆ 640, ಆಕಾಶಕ್ಕೆ 850ರ ಹತ್ತಿರ. ಪ್ರತಿ ಗಂಟಿಗೆ 6.5 ಸೆಂ.ಮೀ. ಹಿಡಿದರೆ ಚಂದ್ರನಿಗೆ ಏಳೂವರೆ ಮೀಟರ್, ಬೆಟ್ಟಕ್ಕೆ 42 ಮೀಟರ್, ಆಕಾಶಕ್ಕೆ 55 ಮೀಟರ್ ನೂಲು. ಎಳೆ ಜೋಡಿಸುವುದಾದರೆ ಇದರ ಎರಡರಷ್ಟು. ಹತ್ತರಲ್ಲಿ ಒಂದು ಪಾಲು ಜಾಸ್ತಿಯೇ ತನ್ನಿ. ಒಂದು ಬಣ್ಣದ ನೂಲನ್ನೆಲ್ಲ ಒಂದೇ ಸಲಕ್ಕೆ ತರಬೇಕು. ಉಂಡೆಯ ಚೀಟಿಯಲ್ಲಿ ಬಣ್ಣದ ನಂಬರಿನ ಜೊತೆ ಲಾಟ್ ನಂಬರ್ ಅಂತ ಇರುತ್ತದೆ, ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು ಅದು, ಎಲ್ಲ ಉಂಡೆಗೂ ಒಂದೇ ಇರಲಿ. ಒಮ್ಮೆ ನೀಲಿ ನೂಲು ಸಾಲದೆ ತಿಂಗಳು ಬಿಟ್ಟು ಇನ್ನೊಂದು ಉಂಡೆ ತಂದೆ. ಕೈಯಲ್ಲಿ ಹಿಡಿದಾಗ ಎರಡೂ ಒಂದೇ ಬಣ್ಣ. ಗೋಡೆಗೆ ಹಾಕಿದ ಮೇಲೆ ಆಕಾಶದ ನಡುವೆ ಒಂದು ಪಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು.

ನೂಲು ಕತ್ತರಿಸುವ ಕೆಲಸ

ಗಟ್ಟಿ ರಟ್ಟಿನಲ್ಲಿ 3.2 ಸೆಂ.ಮೀ. ಅಗಲದ ಪಟ್ಟಿಯೊಂದನ್ನು ಕತ್ತರಿಸಿಕೊಳ್ಳಿ. ಅದಕ್ಕೆ ನೂಲನ್ನು ಒಂದರ ಪಕ್ಕ ಒಂದು ಬರುವಂತೆ ಸುತ್ತಿ. ಒಂದರ ಮೇಲೆ ಒಂದು ಬಂದರೆ ಮೇಲಿನ ಸುತ್ತು ಉದ್ದವಾಗುತ್ತದೆ. ಎಳೆದು ಸುತ್ತಬೇಡಿ. ಎಳೆದ ನೂಲು ಕತ್ತರಿಸಿದ ಕೂಡಲೇ ಕುಗ್ಗಿ ಗಿಡ್ಡವಾಗುತ್ತದೆ. ಪಟ್ಟಿ ತುಂಬಿದ ಮೇಲೆ ಒಂದು ಅಂಚಿನ ಉದ್ದಕ್ಕೆ ಮಾತ್ರ ಕತ್ತರಿ ಹಾಕಿ. ಎರಡೂ ಅಂಚು ಕತ್ತರಿಸಿದರೆ ತುಂಡು ಅರ್ಧವಾಗಿ ಅಷ್ಟೂ ನೂಲು ಹಾಳು.

ಮೊದಲ ಹತ್ತು ತುಂಡನ್ನು ಸ್ಕೇಲ್ ಪಕ್ಕದಲ್ಲಿಟ್ಟು ಅಳೆದು ನೋಡಿ. ಒಂದೆರಡು ಮಿ.ಮೀ. ವ್ಯತ್ಯಾಸ ಪರವಾಗಿಲ್ಲ. ಬಣ್ಣಕ್ಕೊಂದು ಡಬ್ಬಿಯಲ್ಲಿ ಹಾಕಿಡಿ. ಎಲ್ಲವನ್ನೂ ಒಂದೇ ದಿನ ಕತ್ತರಿಸಿ ಮುಗಿಸಬೇಕು ಅಂತೇನೂ ಇಲ್ಲ, ಇನ್ನೂರು ಮುನ್ನೂರು ಆದ ಕೂಡಲೇ ಗಂಟು ಶುರು ಮಾಡಬಹುದು.

ಕ್ಯಾನ್ವಾಸ್ ತಯಾರಿ

40 ಕಣ್ಣು ಅಂದರೆ ಸುಮಾರು 31 ಸೆಂ.ಮೀ. ನಾಲ್ಕೂ ಕಡೆ 5 ಸೆಂ.ಮೀ. ಅಂಚು ಬಿಟ್ಟು 41 ಸೆಂ.ಮೀ. ಚೌಕ ಕತ್ತರಿಸಿ. ಕತ್ತರಿ ಕಣ್ಣುಗಳ ಸಾಲಿನಲ್ಲೇ ನೇರವಾಗಿ ಹೋಗಲಿ. ಕತ್ತರಿಸಿದ ಅಂಚು ಬಿಚ್ಚಿಕೊಳ್ಳುತ್ತದೆ, ಚೂಪಾಗಿಯೂ ಇರುತ್ತದೆ, ನೂಲು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮಾಸ್ಕಿಂಗ್ ಟೇಪನ್ನು ಮಡಿಸಿ ನಾಲ್ಕೂ ಅಂಚಿಗೆ ಅಂಟಿಸಿ.

ಈಗ ಸ್ಕೆಚ್ ಪೆನ್ನಿನಲ್ಲಿ 40ರ ಚೌಕದ ಗಡಿ ಎಳೆಯಿರಿ. ಅದರ ಒಳಗೆ ಹತ್ತು ಹತ್ತು ಕಣ್ಣಿಗೆ ಒಂದು ಗೆರೆ, ಅಡ್ಡಕ್ಕೂ ಉದ್ದಕ್ಕೂ. ಗ್ರಾಫ್ ಪೇಪರಿನಲ್ಲೂ ಅದೇ ಜಾಗದಲ್ಲಿ ಗೆರೆ. ಇದು ಹತ್ತು ನಿಮಿಷದ ಕೆಲಸ, ಆದರೆ ನಾನಂತೂ ಇದನ್ನು ಯಾವತ್ತೂ ಬಿಡುವುದಿಲ್ಲ. ಎಣಿಕೆ ತಪ್ಪಿದರೂ ಹತ್ತರ ಒಳಗೇ ಸಿಕ್ಕಿಬೀಳುತ್ತದೆ, ಇಡೀ ಸಾಲು ಬಿಚ್ಚುವ ಪಾಡು ಇರುವುದಿಲ್ಲ. ಪೆನ್ನಿನ ಶಾಯಿ ನೀರಿಗೆ ಹರಡದಂಥದ್ದಾಗಿರಲಿ. ಕೊನೆಗೆ, ಯಾವುದು ಮೇಲ್ಭಾಗ ಅನ್ನುವುದಕ್ಕೆ ಟೇಪಿನ ಮೇಲೆ ಒಂದು ಬಾಣದ ಗುರುತು ಹಾಕಿ. ಆ ಬಾಣ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಗಂಟು

ಕ್ಯಾನ್ವಾಸನ್ನು ಮೇಜಿನ ಮೇಲೆ ಹಾಸಿ, ಕೆಳಗಿನ ಅಂಚು ಮೇಜಿನಿಂದ ಸ್ವಲ್ಪ ಹೊರಗೆ ಬರಲಿ. ಆಚೆ ತುದಿಗೆ ದಪ್ಪ ಪುಸ್ತಕ ಇಟ್ಟರೆ ಜಾರುವುದಿಲ್ಲ. ಬಾಣ ನಿಮ್ಮಿಂದ ದೂರಕ್ಕೆ ತೋರಿಸುತ್ತಿರಬೇಕು. ಶುರು ಮಾಡುವುದು ನಿಮಗೆ ಹತ್ತಿರದ ಸಾಲಿನಿಂದ, ಅಂದರೆ ಬೆಟ್ಟದ ಬುಡದಿಂದ.

ಕಣ್ಣುಗಳನ್ನು ಬೇರೆ ಮಾಡುವ ಎಳೆಗಳನ್ನು ನೋಡಿ. ಕೆಲವು ಮೇಲಿಂದ ಕೆಳಗೆ, ಕೆಲವು ಎಡದಿಂದ ಬಲಕ್ಕೆ. ನೇಕಾರರ ಮಾತಿನಲ್ಲಿ ಹಾಸು ಮತ್ತು ಹೊಕ್ಕು. ಗಂಟು ಬೀಳಬೇಕಾದ್ದು ಎಡದಿಂದ ಬಲಕ್ಕೆ ಹೋಗುವ ಅಡ್ಡ ಎಳೆಗೆ ಮಾತ್ರ.

ಬಲಗೈಯಲ್ಲಿ ಹುಕ್ ಹಿಡಿಯಿರಿ, ಚಿಲಕ ಮೇಲ್ಮುಖವಾಗಿರಲಿ. ಒಂದು ತುಂಡು ನೂಲನ್ನು ಸರಿಯಾಗಿ ಅರ್ಧಕ್ಕೆ ಮಡಿಸಿ, ಆ ಮಡಿಕೆಯನ್ನು ಕಡ್ಡಿಯ ಕೆಳಗಿನಿಂದ ತನ್ನಿ. ಜಾಗ ಮುಖ್ಯ: ಚಿಲಕ ಮತ್ತು ಹಿಡಿಯ ನಡುವೆ, ಚಿಲಕದ ಹಿಂದೆ. ಎರಡು ತುದಿಗಳನ್ನು ಸಮ ಮಾಡಿ ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿಯಿರಿ.

ಈಗ ಹುಕ್ಕಿನ ತುದಿಯನ್ನು ಕಣ್ಣಿನೊಳಗೆ ಇಳಿಸಿ, ಅಡ್ಡ ಎಳೆಯ ಅಡಿಯಿಂದ ಮುಂದಕ್ಕೆ ತಳ್ಳಿ, ಅದರ ನೇರ ಮೇಲಿನ ಕಣ್ಣಿನಿಂದ ಹೊರಗೆ ತನ್ನಿ. ಚಿಲಕ ಕೂಡ ಎಳೆಯನ್ನು ದಾಟಿ ಆಚೆ ಬರುವ ತನಕ ತಳ್ಳಬೇಕು. ದಾಟಿದ ಕೂಡಲೇ ಅದು ಹಿಂದಕ್ಕೆ ಬಿದ್ದು ತೆರೆದುಕೊಳ್ಳುತ್ತದೆ. ಶುರುವಿನಲ್ಲಿ ಎಲ್ಲರೂ ತಪ್ಪುವುದು ಇಲ್ಲೇ, ಚಿಲಕ ದಾಟುವ ಮುಂಚೆಯೇ ನಿಲ್ಲಿಸಿಬಿಡುತ್ತಾರೆ.

ಎಡಗೈಯಲ್ಲಿರುವ ಎರಡೂ ತುದಿಗಳನ್ನು ಮುಂದಕ್ಕೆ ತಂದು ಕೊಕ್ಕೆ ಮತ್ತು ತೆರೆದ ಚಿಲಕದ ನಡುವೆ ಅಡ್ಡಲಾಗಿ ಇಡಿ. ಬಿಡಬೇಡಿ, ಹಿಡಿದೇ ಇರಿ. ಹುಕ್ಕನ್ನು ನಿಮ್ಮ ಕಡೆಗೆ ನಿಧಾನವಾಗಿ ಎಳೆಯಿರಿ. ಅಡ್ಡ ಎಳೆಗೆ ತಗಲಿ ಚಿಲಕ ಟಿಕ್ ಅಂತ ಮುಚ್ಚಿಕೊಳ್ಳುತ್ತದೆ. ಮುಚ್ಚಿತು ಅಂತ ಕೈಗೆ ಗೊತ್ತಾದ ಮೇಲೆ ತುದಿಗಳನ್ನು ಬಿಟ್ಟು, ಹುಕ್ಕನ್ನು ಇನ್ನೂ ಹಿಂದಕ್ಕೆ ಎಳೆಯಿರಿ. ಕಡ್ಡಿಯ ಮೇಲಿದ್ದ ಮಡಿಕೆ ಮುಚ್ಚಿದ ಚಿಲಕದ ಮೇಲಿಂದ ಜಾರಿ ಕಳಚುತ್ತದೆ, ಎರಡು ತುದಿಗಳೂ ಅದರೊಳಗಿಂದ ಹೊರಬರುತ್ತವೆ. ಕೊನೆಗೆ ಎರಡೂ ತುದಿಯನ್ನು ಒಟ್ಟಿಗೆ ಹಿಡಿದು ಒಮ್ಮೆ ಗಟ್ಟಿಯಾಗಿ ಎಳೆಯಿರಿ. ಗಂಟು ಬಿಗಿಯಾಯಿತು.

ಬ್ಯಾಗಿನ ಜಿಪ್ಪಿಗೆ ದಾರ ಸಿಕ್ಕಿಸುವಾಗ ಮಡಿಕೆಯೊಳಗೆ ತುದಿ ತೂರಿಸಿ ಎಳೆಯುತ್ತೇವಲ್ಲ, ಅದೇ ಗಂಟು ಇದು. ಎಳೆದಷ್ಟೂ ಬಿಗಿಯಾಗುತ್ತದೆ. ಅದಕ್ಕೇ ಆ ಕೊನೆಯ ಎಳೆತವನ್ನು ಮರೆಯಬಾರದು. ಸಡಿಲ ಗಂಟು ಇವತ್ತು ಚೆನ್ನಾಗಿಯೇ ಕಾಣುತ್ತದೆ, ಕೊಡವಿದ ದಿನ ಉದುರುತ್ತದೆ.

ಟೇಪ್ ಅಂಟಿಸಿದ ಅಂಚಿನ ಪಕ್ಕದಲ್ಲಿ ಇಪ್ಪತ್ತು ಗಂಟು ಸುಮ್ನೆ ಅಭ್ಯಾಸಕ್ಕೆ ಹಾಕಿ, ಬಿಚ್ಚಿ. ಬಿಚ್ಚುವುದು ಸುಲಭ: ಗಂಟಿನ ಮುಂದೆ ಕಾಣುವ ಮಡಿಕೆಗೆ ಹುಕ್ಕಿನ ತುದಿ ಸಿಕ್ಕಿಸಿ ಎಳೆದರೆ ಅದು ದೊಡ್ಡದಾಗುತ್ತಾ ಬಂದು ತುದಿಗಳು ಹೊರಗೆ ಜಾರುತ್ತವೆ.

ಸಾಲು ಹಿಡಿದು ಹೋಗುವುದು

ಎಡದಿಂದ ಬಲಕ್ಕೆ ಒಂದು ಸಾಲು ಪೂರ್ತಿ ಮುಗಿಸಿ, ಆಮೇಲೆ ಅದರ ಮೇಲಿನ ಸಾಲು. ಎಡಗೈಯವರು ಬಲದಿಂದ ಎಡಕ್ಕೆ ಹೋಗಬಹುದು. ಮೊದಲು ಚಂದ್ರ ಮುಗಿಸಿ ಆಮೇಲೆ ಸುತ್ತ ಆಕಾಶ ತುಂಬೋಣ ಅಂತ ಮನಸ್ಸಾಗುತ್ತದೆ, ಅಲ್ವಾ? ಹಾಗೆ ಮಾಡಿದರೆ ಆಗಲೇ ನಿಂತಿರುವ ಜೂಲಿನ ಅಡಿಯಲ್ಲಿ ಕಣ್ಣು ಹುಡುಕಬೇಕಾಗುತ್ತದೆ, ಅಲ್ಲಲ್ಲಿ ಬಿಟ್ಟುಹೋಗುತ್ತದೆ. ಸಾಲು ಹಿಡಿದು ಹೋದರೆ ಮುಗಿದ ಜೂಲು ಯಾವಾಗಲೂ ನಿಮ್ಮ ಕಡೆಗೆ ಬಾಗಿರುತ್ತದೆ, ಮುಂದಿನ ಸಾಲು ಬರಿದಾಗಿ ಎದುರಿಗಿರುತ್ತದೆ. ಮುಗಿಸಿದ ಸಾಲನ್ನು ಗ್ರಾಫ್ ಪೇಪರಿನಲ್ಲಿ ಪೆನ್ಸಿಲ್‌ನಿಂದ ಹೊಡೆದುಹಾಕಿ.

ಈಗ ಆ ಬಾಣದ ವಿಷಯ. ನಾನು ಮೊದಲು ಮಾಡಿದ್ದು ಒಂದು ಹಸಿರು ಎಲೆ. ಅರ್ಧ ಆದಮೇಲೆ ಮೇಲಿನ ಭಾಗ ಕೈಗೆ ದೂರ ಅನ್ನಿಸಿ ಕ್ಯಾನ್ವಾಸನ್ನು ಪೂರ್ತಿ ತಿರುಗಿಸಿಕೊಂಡು ಆ ಕಡೆಯಿಂದ ಹಾಕುತ್ತಾ ಬಂದೆ. ಮೇಜಿನ ಮೇಲೆ ಏನೂ ಗೊತ್ತಾಗಲಿಲ್ಲ. ಎತ್ತಿ ನಿಲ್ಲಿಸಿದಾಗ ಎಲೆಯ ಕೆಳಗಿನ ಅರ್ಧದ ಜೂಲು ಕೆಳಕ್ಕೆ, ಮೇಲಿನ ಅರ್ಧದ್ದು ಮೇಲಕ್ಕೆ ಬಾಗಿತ್ತು. ನಡುವೆ ತಲೆಗೂದಲಿಗೆ ಬೈತಲೆ ತೆಗೆದ ಹಾಗೆ ಒಂದು ಸೀಳು, ಅದರೊಳಗೆ ಬಿಳಿ ಕ್ಯಾನ್ವಾಸ್. ಬೆಳಕು ಬಿದ್ದಾಗ ಒಂದೇ ಹಸಿರು ಎರಡು ಹಸಿರಾಗಿ ಕಾಣುತ್ತಿತ್ತು. ಮುನ್ನೂರಕ್ಕೂ ಜಾಸ್ತಿ ಗಂಟು ಬಿಚ್ಚಿ ಮತ್ತೆ ಹಾಕಿದೆ. ಅಂದಿನಿಂದ ಬಾಣ ಹಾಕದೆ ಒಂದು ಗಂಟೂ ಹಾಕಿಲ್ಲ. ಕೈಗೆ ದೂರವಾದರೆ ಮುಗಿದ ಭಾಗವನ್ನು ನಿಮ್ಮ ಕಡೆಗೆ ಸುರುಳಿ ಸುತ್ತಿಕೊಳ್ಳಿ, ತಿರುಗಿಸಬೇಡಿ.

ಐದೈದು ಸಾಲಿಗೆ ಒಮ್ಮೆ ಕ್ಯಾನ್ವಾಸ್ ಮಗುಚಿ ಹಿಂಭಾಗ ನೋಡಿ. ಪ್ರತಿ ಅಡ್ಡ ಎಳೆಯ ಮೇಲೂ ಬಣ್ಣದ ಪುಟ್ಟ ಉಬ್ಬು ಸಾಲಾಗಿ ಕಾಣಬೇಕು. ಬಿಳಿ ಎಳೆ ಕಂಡಲ್ಲಿ ಗಂಟು ಬಿಟ್ಟುಹೋಗಿದೆ. ಎರಡು ಎಳೆಯನ್ನು ಒಟ್ಟಿಗೆ ಹಿಡಿದಿದ್ದರೆ ಅಲ್ಲಿ ಕ್ಯಾನ್ವಾಸ್ ಸೊಟ್ಟಗೆ ಸುಕ್ಕಾಗಿರುತ್ತದೆ. ಮುಂದಿನಿಂದ ನೋಡಿದರೆ ಇವು ಎಷ್ಟೋ ಸಲ ತಿಳಿಯುವುದೇ ಇಲ್ಲ.

ಮಣಿಕಟ್ಟಿನ ಕಡೆ ಗಮನ ಇರಲಿ. ಒಂದೇ ಚಲನೆ ನೂರಾರು ಸಲ ಆಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ಬೆರಳು ಬಿಡಿಸಿ. ನೋಯುತ್ತಿದ್ದರೆ ಆ ದಿನಕ್ಕೆ ಸಾಕು.

ಅಂಚು ಕಟ್ಟುವುದು, ತೂಗುಹಾಕುವುದು

ಕೊನೆಯ ಗಂಟು ಬಿದ್ದ ಮೇಲೆ ಮನೆಯ ಹೊರಗೆ ಹೋಗಿ ಚೆನ್ನಾಗಿ ಕೊಡವಿ. ಬಿಡಿ ನಾರೆಲ್ಲ ಉದುರುತ್ತದೆ. ಬೆರಳಿನಿಂದ ಜೂಲು ಬಾಚಿ, ತೀರಾ ಉದ್ದ ಎದ್ದ ತುದಿಗಳನ್ನು ಮಾತ್ರ ಕತ್ತರಿಸಿ. ಇಡೀ ಮೇಲ್ಮೈಯನ್ನು ಸಮ ಮಾಡಲು ಹೊರಟರೆ ಕತ್ತರಿ ನಿಲ್ಲುವುದೇ ಇಲ್ಲ, ಅಲ್ಲಲ್ಲಿ ಗುಂಡಿ ಬೀಳುತ್ತದೆ.

ಟೇಪ್ ಕಿತ್ತು, ಅಂಚನ್ನು 3 ಸೆಂ.ಮೀ. ಉಳಿಸಿ ಕತ್ತರಿಸಿ. ನಾಲ್ಕು ಮೂಲೆಯನ್ನು ಮೊದಲು ಓರೆಯಾಗಿ ಒಳಕ್ಕೆ ಮಡಚಿ, ಆಮೇಲೆ ಬದಿಗಳನ್ನು ಮಡಚಿದರೆ ಮೂಲೆ ದಪ್ಪವಾಗುವುದಿಲ್ಲ. ಕೊನೆಯ ಸಾಲಿನ ಗಂಟಿಗೆ ತಾಗಿಕೊಂಡೇ ಮಡಿಕೆ ಬರಬೇಕು, ಇಲ್ಲದಿದ್ದರೆ ಮುಂದಿನಿಂದ ಬಿಳಿ ಅಂಚು ಕಾಣುತ್ತದೆ. ಅದರ ಮೇಲೆ ಹತ್ತಿಯ ಟೇಪ್ ಪಟ್ಟಿ ಇಟ್ಟು, ಎರಡೂ ಬದಿ ಗಟ್ಟಿ ದಾರದಿಂದ ಕೈಹೊಲಿಗೆ ಹಾಕಿ. ಕ್ಯಾನ್ವಾಸಿನ ಎಳೆಗೇ ಸೂಜಿ ಚುಚ್ಚಿ, ಮುಂದಿನ ಜೂಲನ್ನು ಹಿಡಿಯದಂತೆ.

ತೂಗುಹಾಕಲು 8 ಸೆಂ.ಮೀ. ಅಗಲ, 29 ಸೆಂ.ಮೀ. ಉದ್ದದ ಬಟ್ಟೆಯ ಪಟ್ಟಿಯೊಂದನ್ನು ಹಿಂಭಾಗದಲ್ಲಿ ಮೇಲಂಚಿನ ಕೆಳಗೆ ಹೊಲಿಯಿರಿ. ಮೇಲೆ ಕೆಳಗೆ ಹೊಲಿಗೆ, ಎರಡು ತುದಿ ತೆರೆದಿರಲಿ. ಲಂಗಕ್ಕೆ ಲಾಡಿ ತೂರಿಸುವ ನಾಳದ ಹಾಗೆ. ಅದರೊಳಗೆ 37 ಸೆಂ.ಮೀ.ಯ ಮರದ ಕೋಲು ತೂರಿಸಿದರೆ ಎರಡೂ ಕಡೆ ಮೂರು ಮೂರು ಸೆಂ.ಮೀ. ಹೊರಗುಳಿಯುತ್ತದೆ, ಅಲ್ಲಿಗೆ ದಾರ ಕಟ್ಟಿ. ಬರೀ ಕ್ಯಾನ್ವಾಸಿಗೆ ದಾರ ಪೋಣಿಸಿ ಮೊಳೆಗೆ ಹಾಕಬೇಡಿ. ಭಾರಕ್ಕೆ ನಡುವೆ ಜೋತುಬೀಳುತ್ತದೆ.

ನೆಲದ ರಗ್ ಮಾಡುವವರಿಗೆ ಎರಡು ಮಾತು. ಕೆಳಗಿನ ಮತ್ತು ಮೇಲಿನ ಅಂಚನ್ನು ಗಂಟು ಹಾಕುವ ಮುಂಚೆಯೇ ಹಿಂದಕ್ಕೆ ಮಡಚಿ, ಕಣ್ಣಿಗೆ ಕಣ್ಣು ಸರಿಯಾಗಿ ಕೂರಿಸಿ, ಮೊದಲ ನಾಲ್ಕು ಸಾಲನ್ನು ಎರಡೂ ಪದರ ಸೇರಿಸಿಯೇ ಹಾಕಿ. ತುಳಿತಕ್ಕೆ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಜಾರದಿರಲು ಹಿಂದೆ ಲೇಟೆಕ್ಸ್ ಬಳಿಯುವವರಿದ್ದಾರೆ. ಅದು ವರ್ಷಗಳು ಕಳೆದಂತೆ ಒಣಗಿ ಪುಡಿಯಾಗುತ್ತದೆ. ಅದರ ಬದಲು ಅಡಿಯಲ್ಲಿ ಬೇರೆಯಾಗಿ ಒಂದು ಜಾರದ ರಬ್ಬರ್ ಜಾಲರಿ ಹಾಸಿ.

ವಾಷಿಂಗ್ ಮಷೀನಿಗೆ ಯಾವುದನ್ನೂ ಹಾಕಬೇಡಿ, ಕ್ಯಾನ್ವಾಸಿನ ಗಂಜಿ ಹೋಗಿ ಮೆತ್ತಗಾಗಿ ಆಕಾರ ಕೆಡುತ್ತದೆ. ಧೂಳಿಗೆ ಕೊಡವಿದರೆ ಸಾಕು. ಕಲೆಯಾದರೆ ತಣ್ಣೀರು, ಸ್ವಲ್ಪ ಸೋಪು, ಬಿಳಿ ಬಟ್ಟೆಯಿಂದ ಒತ್ತಿ ತೆಗೆದು ನೆರಳಿನಲ್ಲಿ ಚಪ್ಪಟೆಯಾಗಿ ಹಾಸಿ ಒಣಗಿಸಿ. ಉಳಿದ ನೂಲಿನಲ್ಲಿ ಬಣ್ಣಕ್ಕೆ ಇಪ್ಪತ್ತು ತುಂಡಿನಂತೆ ಒಂದು ಕವರಿನಲ್ಲಿ ಹಾಕಿ ಕೋಲಿಗೇ ಹಿಂದೆ ಕಟ್ಟಿಡಿ. ಎಂದಾದರೂ ಒಂದು ಗಂಟು ಕಿತ್ತು ಬಂದರೆ ಅದೇ ಎಳೆಗೆ, ಅದೇ ಬಣ್ಣದ ಹೊಸ ತುಂಡು ಹಾಕಲು ಒಂದು ನಿಮಿಷ ಸಾಕು.